ಎರಡು ಬಾಲ

ಕುತೈಸಿಯ ಹಳೇ ಸ್ಮಶಾನದ ಗೇಟಿನೆದುರು ನಮ್ಮ ಅಂಗಡಿ.
ಕರಿಕಲ್ಲಿನ ಮೇಲೆ ಸತ್ತವರ ಮುಖ ಬಿಡಿಸುವುದು ಕಸುಬು.
ಮೊದಲೆಲ್ಲ ಎಲ್ಗುಜಾ ಮಾವ ಉಳಿಯಲ್ಲೇ ಬಿಡಿಸುತ್ತಿದ್ದ,
ಚುಕ್ಕಿ ಚುಕ್ಕಿ ಕುಟ್ಟಿ, ಒಂದು ಹುಬ್ಬಿಗೆ ಒಂದು ದಿನ.
ಈಗ ಯಂತ್ರವಿದೆ. ಫೋಟೋ ಉಣಿಸಿ ಮಲಗಿದರೆ
ಬೆಳಗಾಗುವುದರೊಳಗೆ
ಯಾರದೋ ಅಜ್ಜ ಕಲ್ಲಲ್ಲಿ ನಗುತ್ತಿರುತ್ತಾನೆ.

ತ್ಸಿಯಾಲ ಬಂದಳು, ತಂಗಿಯ ಕಲ್ಲಿಗೆ.
ಫೋಟೋ ಒಂದೇ ಒಂದು. ಸ್ಕ್ಯಾನ್ ಮಾಡಿಸಿಕೊಂಡು
ಮೂಲವನ್ನು ತಂಗಿಯ ಎದೆಯ ಮೇಲಿಟ್ಟೇ ಮಣ್ಣು ಮಾಡಿದಳು.
‘ನಿನ್ನಲ್ಲಿದೆಯಲ್ಲ’ ಎಂದಳು ನನಗೆ.
ಹೆಸರು ಮಾತ್ರ ಹಳೇ ಪ್ರಾರ್ಥನೆ ಪುಸ್ತಕದ ಅಕ್ಷರದಲ್ಲಿ ಬೇಕು,
ದ್ರಾಕ್ಷಿಬಳ್ಳಿಯ ಹಾಗೆ ಬಾಲ ಸುತ್ತಿಕೊಂಡಂಥವು.

ಆ ಫಾಂಟು ಕೊಳ್ಳಲು ನನ್ನ ಒಂದು ವಾರದ ಸಂಬಳ.
ಹುಡುಕಿದೆ. ಬಿಟ್ಟಿ ಸಿಕ್ಕಿತು.
ಪುಕ್ಕಟೆ ಅಂದರೆ ನನಗೊಂದಿರಲಿ, ನಮ್ಮಪ್ಪನಿಗೂ ಒಂದಿರಲಿ.
ಫೈಲಿಗೆ ಎರಡು ಬಾಲವಿತ್ತು:
ಕಂಡದ್ದು ಫಾಂಟಿನದು,
ಅದರ ಹಿಂದಿನದನ್ನು ಕಂಪ್ಯೂಟರು ಮುಚ್ಚಿಟ್ಟಿತ್ತು, ಮರ್ಯಾದೆಗೋ ಏನೋ.
‘ಕಾವಲಿನವನನ್ನು ಒಂದು ನಿಮಿಷ ಹೊರಗೆ ಕಳಿಸು’ ಎಂದಿತು.
ಕಳಿಸಿದೆ. ಆಂಟಿವೈರಸ್ಸು ಸುಮ್ಮನೆ ಎದ್ದು ಹೋಯಿತು,
ಬಾಗಿಲು ಕೂಡ ನಾನೇ ಹಾಕಿದೆ.

ಏನೂ ಆಗಲಿಲ್ಲ.
ಕರಿ ಕಿಟಕಿಯೊಂದು ತೆರೆದು, ರೆಪ್ಪೆ ಬಡಿದಂತೆ ಮುಚ್ಚಿತು.
ಫಾಂಟೂ ಬರಲಿಲ್ಲ.
ಬೈದುಕೊಂಡು ಚಹಾ ಕುಡಿದು ಮನೆಗೆ ಹೋದೆ.

ಬೆಳಿಗ್ಗೆ ಸಾವಿರದ ನೂರಾ ನಲವತ್ತು ಮುಖ,
ಒಂದೂ ಕಣ್ಣು ತೆರೆಯದು.
ಹೆಸರುಗಳೆಲ್ಲ ಕಲಸಿದ ಅಂಕಿ.
ಒಂದು ಚೀಟಿ: ಇಷ್ಟು ದುಡ್ಡು, ಇಷ್ಟು ದಿನ.
ಸತ್ತವರನ್ನು ಒತ್ತೆಯಿಟ್ಟವನು
‘ದಯವಿಟ್ಟು’ ಅಂತ ಎರಡು ಸಲ ಬರೆದಿದ್ದ.

ಮಾವ ಕೂಗಾಡಲಿಲ್ಲ. ಮೊದಲು ಇಂಟರ್ನೆಟ್ಟಿನ ತಂತಿ ಕಿತ್ತ.
ಆಮೇಲೆ ಕೊನೆಯ ಚೀಟಿಯನ್ನೂ ಓದಿ
‘ದುಡ್ಡು ಕೊಟ್ಟರೆ ಬೀಗದ ಕೈ ಕೊಡುತ್ತಾನೆಂದು
ಇವನ ಪರವಾಗಿ ಯಾರು ಆಣೆ ಹಾಕುತ್ತಾರೆ?’ ಎಂದ.
ಕಿಟಕಿಯಾಚೆ ಕೈ ತೋರಿಸಿದ: ‘ನಕಲು ಅಲ್ಲಿದೆ.’

ಹನ್ನೊಂದು ದಿನ ಸ್ಮಶಾನದಲ್ಲಿ ಸುತ್ತಿದೆವು,
ಬ್ರಶ್ಶಿನಿಂದ ಪಾಚಿ ತಿಕ್ಕುತ್ತ, ಕ್ಯಾಮೆರಾ ಒರೆಸುತ್ತ.
ಒಬ್ಬ ಹೆಂಗಸು ಗಂಡನ ಕಲ್ಲಿನ ಪಕ್ಕ ಬ್ರೆಡ್ಡು ತಿನ್ನುತ್ತಿದ್ದವಳು
ಸರಿದು ಕೂತಳು, ನೆರಳು ಬೀಳದ ಹಾಗೆ.
ಕಲ್ಲಾದವರೆಲ್ಲ ಸಿಕ್ಕರು.
ಇನ್ನೂ ಕಲ್ಲಾಗದವರು ಏಳು ಜನ.
ಆರು ಮನೆಯವರು ಫೋಟೋ ಮತ್ತೆ ಕಳಿಸಿದರು.

ತ್ಸಿಯಾಲಳಿಗೆ ನಾನೇ ಹೇಳಬೇಕಾಯಿತು.
ಅವಳು ಬಹಳ ಹೊತ್ತು ತನ್ನ ಬೆರಳುಗಳನ್ನೇ ಎಣಿಸಿದಳು.
ಆಮೇಲೆ ಸ್ಟೂಲು ಎಳೆದು, ತಲೆವಸ್ತ್ರ ಬಿಚ್ಚಿ, ಬೆಳಕಿಗೆ ಕೂತು
ಮಾವನಿಗೆ ಹೇಳಿದಳು:
‘ನನ್ನನ್ನೇ ನೋಡಿ ಮಾಡು.
ಅವಳ ಮೂಗು ಸ್ವಲ್ಪ ಗಿಡ್ಡ.
ಮತ್ತೆ, ನನ್ನ ಹಾಗೆ ಇಷ್ಟು ಸಿಟ್ಟಿಲ್ಲ ಅವಳಿಗೆ.’

ಎಂಟು ವರ್ಷದ ಮೇಲೆ ಉಳಿ ಹೊರಬಂತು.
ಹದಿನೆಂಟು ದಿನ ಟಿಕ್ಕು ಟಿಕ್ಕು.
ಹತ್ತನೆಯ ದಿನ ಕಲ್ಲಿನವಳು ಒಂದಿಷ್ಟು ನಕ್ಕಳು,
ಕೂತವಳು ನಗಲಿಲ್ಲ.

ಈಗ ಕಂಪ್ಯೂಟರು ನನಗೆ ಎಲ್ಲ ಬಾಲವನ್ನೂ ತೋರಿಸುತ್ತದೆ;
ಮುಚ್ಚಿಡಬೇಡ ಅಂತ ಹೇಳಿಟ್ಟಿದ್ದೇನೆ.
ಮುಖಗಳ ಒಂದು ಪ್ರತಿ ಮಾವನ ಮನೆಯ ಹಿಟ್ಟಿನ ಡಬ್ಬದ ಹಿಂದಿದೆ,
ಯಾವ ತಂತಿಗೂ ಸಿಗದೆ.
ನಿನ್ನೆ ಕಲ್ಲಿನ ವ್ಯಾಪಾರಿ ಶಲ್ವಾನ ಹೆಸರಲ್ಲಿ ರಸೀತಿಯೊಂದು ಬಂತು.
ಫೋನು ಮಾಡಿ ಕೇಳಿದೆ. ‘ನಾನೇನೂ ಕಳಿಸಿಲ್ಲವಲ್ಲ’ ಎಂದ.
ಮೌಸಿನ ಮೇಲಿದ್ದ ಬೆರಳನ್ನು ಮೆಲ್ಲಗೆ ಎತ್ತಿಕೊಂಡೆ.

ಕೊನೆಯ ದಿನ ಹೆಸರು ಕೆತ್ತುವಾಗ ಮಾವ ಕೇಳಿದ:
‘ಅಕ್ಷರಕ್ಕೆ ಬಳ್ಳಿ ಬೇಕೇನು, ಬಾಲ?’
ತ್ಸಿಯಾಲ ನನ್ನ ಕಡೆ ನೋಡಿದಳು.
‘ಒಂದು ಸಾಕು’ ಎಂದಳು.